ಮಸಿ ಹಾಳೆ

ಹಂಪವ್ವ ಒನಕೆ ಎತ್ತಿ ಹಾಕಿದಳು. ನಡುಮನೆಯ ಮೂಲೆಯಲ್ಲಿ ಸೂಜಿ ಹಾರಿತು.

"ಅವ್ವಾ, ಒಂಚೂರು ತಡಿ," ಎಂದಳು ಗುರುಶಾಂತಮ್ಮ, ಕೂತಲ್ಲಿಂದಲೇ.

"ಖಾರ ಕುಟ್ಟಾದು ಬ್ಯಾಡೇನು? ನಾಳೆ ಅನ್ನಕ್ಕೆ ನಿನ್ನ ಸೂಜಿ ಕಲಸ್ಕಂಡು ಉಣ್ಣಾನೇನು?"

ಒನಕೆ ಮತ್ತೆ ಬಿತ್ತು. ಸೂಜಿ ಮತ್ತೆ ಹಾರಿತು.

ಹಿತ್ತಲ ಒರಳಿಗೂ ನಡುಮನೆಯ ಆ ಮೂಲೆಗೂ ನಡುವೆ ಒಂದು ಮಣ್ಣಿನ ಗೋಡೆ ಮಾತ್ರ ಇತ್ತು. ಮೂಲೆಯ ಕಲ್ಲುಚಪ್ಪಡಿಯ ಮೇಲೆ ಗುರುಶಾಂತಮ್ಮ ಹರಿಹರಕ್ಕೆ ಬಂದಿಳಿದ ದಿನವೇ ತನ್ನ ಯಂತ್ರವನ್ನು ಹೂಡಿದ್ದಳು. ಗಡಿಯಾರದಂತೆ ಕೀಲಿ ಕೊಟ್ಟರೆ ನಿಧಾನವಾಗಿ ತಿರುಗುವ ಒಂದು ಉರುಳೆ. ಅದರ ಸುತ್ತ ನುಣುಪಾದ ಬಿಳಿ ಹಾಳೆ. ಹಾಳೆಯ ಮೇಲೆ ದೀಪದ ಹೊಗೆಯಿಂದ ಹಿಡಿಸಿದ ಕಪ್ಪು ಮಸಿ. ನೆಲ ಕೂದಲೆಳೆಯಷ್ಟು ನಡುಗಿದರೂ ಸೂಜಿ ಆ ಮಸಿಯನ್ನು ಗೀರಿ ಬಿಳಿಯ ಗೆರೆ ಬರೆಯುತ್ತಿತ್ತು.

ಮನೆಯವರೆಲ್ಲ ಆಗಲೇ ಹಾಳೆಗೆ ಇಳಿದಿದ್ದರು. ತುಂಗಭದ್ರೆಯ ಸೇತುವೆ ದಾಟುವ ರೈಲು ಉದ್ದನೆಯ ಒರಟು ಗಂಟು. ತಮ್ಮ ಲಿಂಗಣ್ಣ ಅಂಗಡಿಯ ಜೋಳದ ಚೀಲ ಇಳಿಸಿದರೆ ದಪ್ಪ ಹಲ್ಲು. ಹಂಪವ್ವನ ನಡಿಗೆಯಂತೂ ನೋಡಿದ ಕೂಡಲೇ ತಿಳಿಯುತ್ತಿತ್ತು. ಎಡ ಮಂಡಿ ನೋವಿನಿಂದ ಆಕೆ ಭಾರವೆಲ್ಲ ಬಲಗಾಲಿಗೆ ಬಿಡುತ್ತಿದ್ದಳು. ಒಂದು ದೊಡ್ಡ ಹಲ್ಲು, ಒಂದು ಸಣ್ಣ ಹಲ್ಲು, ಒಂದು ದೊಡ್ಡದು, ಒಂದು ಸಣ್ಣದು. ಲಿಂಗಣ್ಣನ ಹೆಂಡತಿ ಯಲ್ಲಕ್ಕ ಮಾತ್ರ ಹಾಳೆಯಲ್ಲಿ ಹೆಚ್ಚು ಕಾಣುತ್ತಿರಲಿಲ್ಲ. ಅವಳು ಯಂತ್ರ ಬಂದ ದಿನವೇ ಕಾಲ್ಗಡಗ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಕಾಲ್ಗಡಗದ ಸದ್ದಿಗೂ ಸೂಜಿಗೂ ಸಂಬಂಧವಿಲ್ಲವೆಂದು ಹೇಳಲು ಗುರುಶಾಂತಮ್ಮನಿಗೆ ಮನಸ್ಸಾಗಿರಲಿಲ್ಲ.

ನಾಳೆ ಮಧ್ಯಾಹ್ನ ದಾವಣಗೆರೆಯಲ್ಲಿ ಅವಳ ಉಪನ್ಯಾಸವಿತ್ತು. ಭೂಮಿಯ ಒಡಲನ್ನು ಕುರಿತು ಕೆಲಸ ಮಾಡುವ ವಿಜ್ಞಾನಿಗಳಲ್ಲಿ ಒಬ್ಬರನ್ನು ವರ್ಷಕ್ಕೊಮ್ಮೆ ಆರಿಸಿ, ಅವರಿಂದ ಒಂದು ಗೌರವ ಉಪನ್ಯಾಸ ಮಾಡಿಸುವುದು ಕಲ್ಕತ್ತೆಯ ಒಂದು ವಿಜ್ಞಾನ ಸಂಘದ ಪದ್ಧತಿ. ಆರಿಸಿದವರು ತಮಗೆ ಬೇಕಾದ ಊರಿನಲ್ಲಿ ಮಾತಾಡಬಹುದು. ಈವರೆಗೆ ಎಲ್ಲರೂ ದಿಲ್ಲಿ, ಕಲ್ಕತ್ತೆ, ಹೈದರಾಬಾದುಗಳನ್ನೇ ಹೇಳಿದ್ದರು. ಬೆಟ್ಟದ ಮೇಲಿನ ವೇಧಶಾಲೆಯಲ್ಲಿ ಭೂಕಂಪದ ಗೆರೆಗಳನ್ನು ಓದುತ್ತ ಹದಿನಾರು ವರ್ಷ ಕಳೆದಿದ್ದ ಗುರುಶಾಂತಮ್ಮ ದಾವಣಗೆರೆ ಎಂದು ಬರೆದು ಕಳಿಸಿದಾಗ, ಸಂಘದ ಕಾರ್ಯದರ್ಶಿ ಅದು ಟೈಪಿನ ತಪ್ಪಿರಬೇಕೆಂದು ಮರುಟಪಾಲಿನಲ್ಲಿ ಕೇಳಿದ್ದರು. ತಪ್ಪಲ್ಲ ಎಂದು ಅವಳು ಮತ್ತೆ ಬರೆದಳು. ಕಾರಣ ಬರೆಯಲಿಲ್ಲ. ಕಾರಣ ಈಗ ಗೋಡೆಯಾಚೆ ಖಾರ ಕುಟ್ಟುತ್ತಿತ್ತು.

ಸಂಜೆ ಹೊತ್ತಿಗೆ ಜಂಬಯ್ಯ ಬಂದರು. ದಾವಣಗೆರೆಯ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳುವವರು, ನಾಳಿನ ಸಭೆಯ ಏರ್ಪಾಡೆಲ್ಲ ಅವರ ತಲೆಯ ಮೇಲಿತ್ತು. ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು, ಮೂಲೆಯ ಯಂತ್ರವನ್ನು ನೋಡಿ ತುದಿಗಾಲಲ್ಲಿ ಒಳಗೆ ಬಂದರು. ಹಂಪವ್ವ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಮುಂದಿಟ್ಟಳು.

"ಕಲ್ಕತ್ತದಿಂದ ಕಾರ್ಯದರ್ಶಿಗಳು ಬಂದಿಳಿದ್ರು ಮೇಡಮ್ಮೋರೆ," ಎಂದರು ಜಂಬಯ್ಯ. "ಇಂಗ್ಲೀಷಿನಾಗೆ ಮಾತಾಡಿದ್ರೆ ಅವರಿಗೂ ಒಂದೀಟು ಅನುಕೂಲ ಆಗ್ತಿತ್ತೇನೋ."

"ಅಚ್ಚು ಹಾಕ್ಸಿದ್ದು ಇಂಗ್ಲೀಷಿನಾಗೇ ಐತಲ್ರಿ. ಅವರು ಅದನ್ನ ಓದ್ಕಳ್ಳಿ. ಮಾತು ಕನ್ನಡದಾಗೆ."

"ಅಲ್ಲ, ಭೂಮಿ ಹೊರಗಿನ ಪದರಕ್ಕೆ, ನಡುವಿನ ಪದರಕ್ಕೆ, ಒಳಗಿನ ತಿರುಳಿಗೆ, ಇವಕ್ಕೆಲ್ಲ ಕನ್ನಡದಾಗೆ ಏನಂತೀರಿ?"

"ನೀವೀಗ ಅಂದ್ರಲ್ಲ, ಹಂಗೇ ಅಂತೀನಿ."

ಜಂಬಯ್ಯ ಒಂದು ಗಳಿಗೆ ಯೋಚಿಸಿ ತಾವೇ ನಕ್ಕರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಹಂಪವ್ವನ ಕಡೆ ತಿರುಗಿದರು. "ಅಮ್ಮಾರೆ, ನಿಮಗೆ ಮುಂದಿನ ಸಾಲಾಗೇ ಕುರ್ಚಿ ಇಡ್ಸೀನಿ. ಬೇಗ ಬರ್ರಿ."

"ಅಲ್ಲಿ ಯಾರನ್ನಾರ ದೊಡ್ಡೋರನ್ನ ಕುಂಡ್ರಸ್ರಿ ಸ್ವಾಮಿ. ಹೆತ್ತಪ್ಪನ ಮಣ್ಣಿಗೆ ಬರದಿದ್ದಾಕಿ ಭೂಮಿ ಬಗ್ಗೆ ಏನು ಹೇಳ್ತಾಳೋ, ನೀವೇ ಕೇಳ್ಕಳ್ರಿ."

ಜಂಬಯ್ಯ ತಟ್ಟೆಯಿಂದ ಒಂದು ಮೆಣಸಿನಕಾಯಿ ಎತ್ತಿ ಅರ್ಧ ಕಚ್ಚಿದರು. "ಭಾರಿ ಖಾರ ಐತ್ರಿ ಇದು," ಎಂದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು, ಮತ್ತೆ ಒರೆಸಿಕೊಂಡರು, ನೀರು ಕೇಳಿದರು, ಕೆಮ್ಮಿದರು. ಆ ಗಡಿಬಿಡಿಯಲ್ಲಿ ಗುರುಶಾಂತಮ್ಮನ ಮುಖವನ್ನು ಯಾರೂ ನೋಡದಂತಾಯಿತು. ಬಜ್ಜಿಯ ಮೆಣಸಿನಕಾಯಿ ಅಂಥ ಖಾರದ್ದೇನೂ ಆಗಿರಲಿಲ್ಲ.

ಅವಳ ತಂದೆ ಗುಡ್ಡಪ್ಪ ತೀರಿಕೊಂಡದ್ದು ಐವತ್ತನೆಯ ಇಸವಿಯ ಆಗಸ್ಟ್ ಹದಿನಾರರಂದು. ಅದರ ಹಿಂದಿನ ಸಂಜೆ ಅಸ್ಸಾಮಿನಲ್ಲಿ ಭೂಮಿ ನಡುಗಿತ್ತು. ದೇಶದ ಎಲ್ಲ ವೇಧಶಾಲೆಗಳ ಸೂಜಿಗಳೂ ಹುಚ್ಚೆದ್ದು ಕುಣಿದಿದ್ದವು. ಬೆಟ್ಟದ ಮೇಲೆ ಗುರುಶಾಂತಮ್ಮನೊಬ್ಬಳೇ ಇದ್ದಳು. ಜೊತೆಯ ವೀಕ್ಷಕರು ಜ್ವರದಿಂದ ಮಲಗಿ ಕೆಳಗಿನ ಊರಿನ ಆಸ್ಪತ್ರೆ ಸೇರಿದ್ದರು. ಮರಿಕಂಪನಗಳು ದಿನಗಟ್ಟಲೆ ಬರುತ್ತಲೇ ಇದ್ದವು. ಅಪ್ಪನ ಸಾವಿನ ತಂತಿ ಕೈಗೆ ಬಂದಾಗ ಅವಳ ಬೆರಳುಗಳಲ್ಲಿ ಮಸಿ ಇತ್ತು. ಬದಲಿಯವರು ಬಂದ ಮೇಲೆ ಅವಳು ಹರಿಹರಕ್ಕೆ ಬಂದಳು. ಅಷ್ಟರಲ್ಲಿ ಗುಡ್ಡಪ್ಪನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಆ ಮಣ್ಣಿನ ಮೇಲೆ ಮಳೆಯೂ ಬಿದ್ದು ಹೋಗಿತ್ತು. ಅಂದಿನಿಂದ ತಾಯಿ ಮಗಳ ನಡುವೆ ಊಟ, ಬಟ್ಟೆ, ಮೈ ಹುಷಾರು ಇವುಗಳ ಮಾತೆಲ್ಲ ನಡೆಯುತ್ತಿತ್ತು. ಹದಿಮೂರು ವರ್ಷದಲ್ಲಿ ಹಂಪವ್ವ ಮಗಳ ಕೆಲಸ ಏನು ಎಂದು ಒಮ್ಮೆಯೂ ಕೇಳಿರಲಿಲ್ಲ.

ಹೇಗಾದರೂ ಈ ಸಲ ತನ್ನವ್ವ ಕೇಳಬೇಕು, ಕೂತು ಕೇಳಬೇಕು ಎಂದು ಗುರುಶಾಂತಮ್ಮ ಹಟ ಹಿಡಿದಿದ್ದಳು. ಕ್ಷಮಿಸು ಎನ್ನಲು ಅವಳು ಬಂದಿರಲಿಲ್ಲ. ಮತ್ತೆ ಅಂಥ ದಿನ ಬಂದರೆ ಮತ್ತೆ ಹಾಗೇ ಮಾಡುವವಳು ಅವಳು. ತಾನು ಮಾಡುವುದೇನೆಂದು ಅವ್ವನಿಗೆ ತಿಳಿದರೆ ಸಾಕಿತ್ತು.

ಬೆಳಿಗ್ಗೆ ಎದ್ದು ಹಾಳೆ ನೋಡಿದವಳು ಅಲ್ಲೇ ಕೂತುಬಿಟ್ಟಳು.

ನಸುಕಿನ ಹೊತ್ತಿನ ಗೆರೆಯಲ್ಲಿ ರೈಲಿನದಲ್ಲದ, ಚೀಲದ್ದಲ್ಲದ, ಯಾವ ಕಾಲಿನದೂ ಅಲ್ಲದ ಒಂದು ನಡುಕವಿತ್ತು. ಮೊದಲು ಸಣ್ಣ ನಿರಿಗೆ. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಹೊಳೆಯ ಮೇಲೆ ಗಾಳಿ ಬೀಸಿದಾಗ ಏಳುವಂಥ ನಿಧಾನದ, ಉದ್ದದ ಅಲೆಗಳು. ಈ ಸಣ್ಣ ಯಂತ್ರಕ್ಕೆ ಇದು ಸಿಕ್ಕಿತೆಂದರೆ ಎಲ್ಲೋ ಬಹಳ ದೂರದಲ್ಲಿ ಬಹಳ ದೊಡ್ಡ ಕಂಪನವಾಗಿರಬೇಕು. ಭೂಮಿಯ ಒಳಗಿನಿಂದ ಹಾದು ಬಂದ ಅಲೆ ತನ್ನ ತವರುಮನೆಯ ಚಪ್ಪಡಿಯ ಕೆಳಗೆ ಬಂದು, ತನ್ನವರೆಲ್ಲ ಮಲಗಿರುವಾಗ ಹೇಳಿ ಹೋಗಿದೆ. ಉಪನ್ಯಾಸಕ್ಕೆ ಇದಕ್ಕಿಂತ ಇನ್ನೇನು ಬೇಕು? ಎದುರಿಗಿಟ್ಟು, ನೋಡಿ, ಇದು ನಮ್ಮನೆ ನೆಲ ಬರೆದದ್ದು ಎಂದರೆ ಸಾಕು.

ಅವಳು ಯಂತ್ರ ನಿಲ್ಲಿಸಿ, ಉರುಳೆಯನ್ನು ಬಿಚ್ಚಿ ಕಿಟಕಿಯ ಪಕ್ಕದ ಹಲಗೆಯ ಮೇಲಿಟ್ಟಳು. ಹಸಿ ಮಸಿ ಬೆರಳು ತಾಗಿದರೂ ಅಳಿಸುತ್ತದೆ. ಅರಗು ಕರಗಿಸಿದ ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸಿದ ಮೇಲೆಯೇ ಅದು ನಿಲ್ಲುವುದು. ಅರಗು ಪೆಟ್ಟಿಗೆಯಲ್ಲಿತ್ತು, ಸ್ಪಿರಿಟ್ಟಿನ ಸೀಸೆ ಬರಿದಾಗಿತ್ತು. ವೇಧಶಾಲೆಗೂ ಒಂದು ತಂತಿ ಕೊಟ್ಟು ಕಂಪನ ಎಲ್ಲಿಯದೆಂದು ಕೇಳಬೇಕು, ಉತ್ತರ ಕಾಲೇಜಿಗೇ ಬರಲಿ. ಅವಳು ಚೀಲ ಹಿಡಿದು ಹೊರಟಳು.

ಬೀದಿಯ ತಿರುವಿನಲ್ಲಿ ಮಕ್ತುಮ್ ಸಾಬ್ ಜಟಕಾ ನಿಲ್ಲಿಸಿಕೊಂಡು ಕುದುರೆಗೆ ಹುಲ್ಲು ಹಾಕುತ್ತಿದ್ದ. ಅವನ ಜಟಕಾ ಯಾವಾಗಲೂ ಅವರ ಮನೆಯ ಕಟ್ಟೆಯ ಮುಂದೆಯೇ ನಿಲ್ಲುತ್ತಿದ್ದದ್ದು.

"ಇಲ್ಲ್ಯಾಕ ನಿಲ್ಸೀರಿ ಮಕ್ತುಮಣ್ಣ?"

"ನಮ್ಮ ಕುದ್ರಿಗೆ ಸುಮ್ನೆ ನಿಂದ್ರಾಕೆ ಬರಲ್ಲ ಅಕ್ಕಾ, ಕಾಲು ಬಡಿತೈತೆ. ನಿಮ್ಮ ಮಿಷಿನ್ನಿಗೆ ತಕಲೀಫ್ ಆಗ್ಬಾರ್ದು ಅಂತ ಯಲ್ಲಕ್ಕ ಅಂದ್ರು. ನಾಳೆಯಿಂದ ಅಲ್ಲೇ ನಿಲ್ಲಸ್ತೀನಿ ಬಿಡ್ರಿ."

ಅವಳು ಹಿಂದಿರುಗಿ ಬಂದಾಗ ಬಿಸಿಲು ನಡುಮನೆಯವರೆಗೆ ಬಂದಿತ್ತು. ಕಿಟಕಿಯ ಪಕ್ಕದ ಹಲಗೆಯ ಮೇಲೆ ಮನೆಯ ಕಂದೀಲುಗಳ ಗಾಜುಗಳು ಸಾಲಾಗಿ ಹೊಳೆಯುತ್ತಿದ್ದವು. ಸಾಲಿನ ಕೊನೆಯಲ್ಲಿ ಉರುಳೆ ಇತ್ತು. ಅದೂ ಹೊಳೆಯುತ್ತಿತ್ತು, ಬೆಳ್ಳಗೆ.

ಹಂಪವ್ವ ಹಳೆ ಪಂಚೆಯ ತುಂಡನ್ನು ಜಾಡಿಸುತ್ತ ಹಿತ್ತಲಿಂದ ಬಂದಳು. "ಕಂದೀಲು ಒರೆಸ್ತಿದ್ದೆ, ನಿಂದೂ ಕಣ್ಣಿಗೆ ಬಿತ್ತು. ನಾಕು ಮಂದಿ ಮುಂದೆ ತಗಂಡು ಹೋಗಾದು, ಅಷ್ಟು ಮಸಿ ಹಿಡಿದಿತ್ತು. ಹಾಳಿ ಎಲ್ಲೂ ಹರಿದಿಲ್ಲ, ನೋಡ್ಕ."

ಯಂತ್ರ ಬಂದಾಗಿನಿಂದ ಅದರ ಕಡೆ ತಿರುಗಿಯೂ ನೋಡದ ಹೆಂಗಸು. ನೀರು ಸೋಕಿಸದೆ, ಮೂಲೆ ಮಡಚದೆ, ಒಣ ಬಟ್ಟೆಯಲ್ಲಿ ಎಷ್ಟು ನಾಜೂಕಾಗಿ ಒರೆಸಿದ್ದಳೆಂದರೆ ಹಾಳೆಯಲ್ಲಿ ಒಂದು ಗೀರೂ ಉಳಿದಿರಲಿಲ್ಲ.

ಗುರುಶಾಂತಮ್ಮ ಸ್ಪಿರಿಟ್ಟಿನ ಸೀಸೆಯನ್ನು ನೆಲದ ಮೇಲಿಟ್ಟು, ಅದರ ಪಕ್ಕದಲ್ಲೇ ಕೂತಳು.

"ಅಯ್ಯೋ ಅತ್ತೆ," ಎಂದಳು ಅಡುಗೆಮನೆಯಿಂದ ಬಂದ ಯಲ್ಲಕ್ಕ, "ಅದ್ರ ಮ್ಯಾಲೇ ಅಲ್ಲೇನ್ರಿ ಅಕ್ಕಾರು ಬರೆಸ್ತಿದ್ದದ್ದು!"

ಹಂಪವ್ವ ಇಬ್ಬರ ಮುಖವನ್ನೂ ನೋಡಿದಳು. "ಅದಕ್ಕೇನಾತೀಗ? ಇನ್ನೊಂದ್ಸಲ ಬರೆಸ್ಕ. ಮಸಿಗೇನು ಕಾಸು ಕೊಡ್ಬೇಕೇನು?"

"ಮಸಿ ಹಿಡಿಸಬೌದವ್ವ," ಎಂದಳು ಗುರುಶಾಂತಮ್ಮ. ಅವಳ ದನಿ ಏರಲಿಲ್ಲ. "ನಸುಕಿನಾಗೆ ಬಂದದ್ದು ಮತ್ತೆ ಬರಲ್ಲ. ಎಲ್ಲೋ ದೂರದಾಗೆ ಹುಟ್ಟಿ, ಭೂಮಿ ಒಳಗಿಂದ ಹಾದು, ನಮ್ಮನಿ ಕೆಳಗೆ ಬಂದು ಹೋತು. ಅದು ಹೋಗೋ ಹೊತ್ತಿಗೆ ಹಾಳೆ ಇದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ಬೈದಿದ್ದರೆ ಹಂಪವ್ವ ತಿರುಗಿ ಬೈಯುತ್ತಿದ್ದಳು. ಬೈಗುಳ ಬರಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಬಟ್ಟೆಯ ತುಂಬ ಮಸಿ. ನಸುಕಿನಲ್ಲಿ ಬಂದದ್ದು ಈಗ ಅದರಲ್ಲಿತ್ತು.

"ದಿನಾ ಬದಲು ಮಾಡ್ತಾರೇನು ಇದನ್ನ?" ಎಂದು ಕೇಳಿದಳು.

"ದಿನಾ."

"ಒಂದಿನ ಬಿಟ್ರೆ?"

"ಆ ದಿನದ್ದು ಇಲ್ಲ."

ಹಂಪವ್ವ ಕಂಬಕ್ಕೆ ಒರಗಿ ಮಂಡಿ ಹಿಡಿದುಕೊಂಡು ಕೂತಳು. ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಆವತ್ತು, ನಿಮ್ಮಪ್ಪ ಹೋದಾಗ. ಬದಲು ಮಾಡಾಕೆ ಅಲ್ಲಿ ಬ್ಯಾರೆ ಯಾರೂ ಇರ್ಲಿಲ್ಲೇನು?"

"ಇರ್ಲಿಲ್ಲವ್ವ."

"ಹೇಳ್ಬೇಕಿತ್ತಲ್ಲೇ."

"ಹೇಳಿದ್ದೆ. ಆಗ ನೀನು ಕೇಳೋ ಹಂಗಿರ್ಲಿಲ್ಲ."

ಯಲ್ಲಕ್ಕ ಸದ್ದಿಲ್ಲದೆ ಒಳಗೆ ಹೋಗಿ, ಒಲೆಯ ಮೇಲಿನ ಪಾತ್ರೆಯಲ್ಲಿ ಸುಮ್ಮನೆ ಸೌಟಾಡಿಸುತ್ತ ನಿಂತಳು.

ಗುರುಶಾಂತಮ್ಮ ಎದ್ದಳು. ಹೋದದ್ದು ಹೋಯಿತು, ಸಭೆಗೆ ಯಂತ್ರವಾದರೂ ಬರೆಯುವಂತಿರಬೇಕು. ಒರೆಸಿದ ಹಾಳೆಗೆ ಬಟ್ಟೆಯ ಎಣ್ಣೆ ಹತ್ತಿತ್ತು, ಅದು ಮಸಿ ಹಿಡಿಯುವುದಿಲ್ಲ. ಪೆಟ್ಟಿಗೆಯಲ್ಲಿ ಹೊಸವು ಎರಡು ಉಳಿದಿದ್ದವು. ವೇಧಶಾಲೆಯಲ್ಲಾದರೆ ಇದಕ್ಕೆಂದೇ ಅಗಲ ಬತ್ತಿಯ ದೀಪವಿತ್ತು. ಇಲ್ಲಿ ಈಚೆಗೆ ಅವಳು ಕಂದೀಲಿನ ಬತ್ತಿಯಲ್ಲೇ ಹೇಗೋ ನಡೆಸಿದ್ದಳು. ಇವತ್ತು ಅವಸರ ಮಾಡಿದಳು. ಸೀಮೆಎಣ್ಣೆಯ ಉರಿ ಒಮ್ಮೆ ಏರಿ, ಒಮ್ಮೆ ಇಳಿದು, ಹಾಳೆಯ ಮೇಲೆ ಪಟ್ಟೆಪಟ್ಟೆಯಾಗಿ ಹೊಗೆ ಹಿಡಿಸಿತು. ಅಂಚು ಕಂದಿ, ಸುರುಟಿ, ಸುಟ್ಟ ವಾಸನೆ ಬಂತು.

ಉಳಿದದ್ದು ಒಂದೇ.

"ಸುಡ್ತೀಯ ಅದನ್ನೂ," ಎಂದಳು ಹಂಪವ್ವ, ಕಂಬದ ಹತ್ತಿರದಿಂದ. "ಸರಿ ಅತ್ತಾಗೆ. ಯಲ್ಲಕ್ಕಾ, ಹರಳೆಣ್ಣಿ ತಾರೆ. ದೊಡ್ಡ ಹಣತೆನೂ ತಾ."

ಮಂಡಿಯನ್ನು ಮರೆತವಳಂತೆ ಎದ್ದು ಬಂದು ಅವಳು ಪಂಚೆಯ ಶುಭ್ರವಾದ ಅಂಚನ್ನು ಹರಿದು ದಪ್ಪ ಬತ್ತಿ ಹೊಸೆದಳು. ಹರಳೆಣ್ಣೆಯಲ್ಲಿ ನೆನೆಸಿ ಹಚ್ಚಿದಳು. ಉರಿ ಮೆಲ್ಲಗೆ, ಅಲುಗದೆ, ಮೇಲೆ ತೆಳ್ಳನೆಯ ಹೊಗೆಯ ಎಳೆ ಬಿಡುತ್ತ ನಿಂತಿತು. "ನಿನಗೆ, ಲಿಂಗಣ್ಣಗೆ, ಇವಳ ಮಕ್ಕಳಿಗೆ, ಎಲ್ಲರಿಗೂ ಕಾಡಿಗೆ ಕಟ್ಟಿದ್ದು ಇದ್ರಾಗೇ. ತಟ್ಟಿ ಬದಲು ನಿನ್ನ ಉರುಳಿ, ಅಷ್ಟೇ. ತಿರುಗ್ಸು. ಮೆಲ್ಲಕ. ಅವಸರ ಮಾಡ್ಬ್ಯಾಡ."

ಗುರುಶಾಂತಮ್ಮ ಉರುಳೆ ತಿರುಗಿಸಿದಳು. ಹಂಪವ್ವ ಹಣತೆಯನ್ನು ಅದರ ಕೆಳಗೆ ಆ ತುದಿಯಿಂದ ಈ ತುದಿಗೆ ಸರಿಸಿದಳು. ಬಿಳಿ ಹಾಳೆ ಕಂದಾಯಿತು, ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಾಯಿತು. ಎಲ್ಲೂ ಪಟ್ಟೆಯಿಲ್ಲದ, ಮುಟ್ಟಬೇಕೆನಿಸುವಂಥ ಕಪ್ಪು. ಇಬ್ಬರ ತಲೆಗಳೂ ಒಂದರ ಹತ್ತಿರ ಒಂದು ಬಾಗಿದ್ದವು. ಉಸಿರು ಬಿಟ್ಟರೆ ಉರಿ ಅಲುಗುತ್ತಿತ್ತು.

ಮುಗಿದ ಮೇಲೆ ಹಂಪವ್ವ ದೀಪ ಆರಿಸಿ, ಬೆರಳಿಗೆ ಹತ್ತಿದ್ದ ಮಸಿಯನ್ನು ಮಗಳ ಕಿವಿಯ ಹಿಂದೆ ಒತ್ತಿದಳು. ನಲವತ್ತು ದಾಟಿದ ಮಗಳು ತಲೆ ಬಾಗಿಸಿ ಒತ್ತಿಸಿಕೊಂಡಳು.

"ಬಾರವ್ವ, ನೀನೂ."

"ಅಷ್ಟು ಮಂದ್ಯಾಗೆ ನಾನೇನ್ ಮಾಡ್ಲಿ. ಬಸ್ಸಿನಾಗೆ ನಂಗೆ ಹೊಟ್ಟಿ ತೊಳಸ್ತೈತೆ. ನೀ ಹೋಗು, ಹೊತ್ತಾತು."

ಗುರುಶಾಂತಮ್ಮ ಮತ್ತೆ ಕೇಳಲಿಲ್ಲ. ಉರುಳೆಯನ್ನು ಯಂತ್ರದ ಜೊತೆಗೇ ಪೆಟ್ಟಿಗೆಯಲ್ಲಿ, ಯಾವ ಬದಿಗೂ ತಾಗದಂತೆ ನಿಲ್ಲಿಸಿ, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕುಲುಕಾಡುವ ಹಿಂದಿನ ಸೀಟಿನಿಂದ ಅವಳನ್ನು ಎಬ್ಬಿಸಿ ಕಂಡಕ್ಟರು ಡ್ರೈವರಿನ ಹಿಂದೆ ಜಾಗ ಮಾಡಿಸಿಕೊಟ್ಟ. "ಏನೈತ್ರಿ ಒಳಗೆ, ತತ್ತಿನಾ?" ಎಂದು ಕೇಳಿದ. ಹೌದೆಂದು ತಲೆಯಾಡಿಸುವುದು ಸುಲಭವಾಗಿ ಕಂಡಿತು. ದಾವಣಗೆರೆ ಬರುವವರೆಗೂ ಅವನು ಪ್ರತಿ ಹೊಂಡಕ್ಕೂ ಡ್ರೈವರನ್ನು ಗದರಿಸುತ್ತಿದ್ದ, "ಮೆಲ್ಲಕ ಮಾರಾಯ, ಅಮ್ಮಾರ ತತ್ತಿ ಅದಾವೆ."

ಕಾಲೇಜಿನ ಸಭಾಂಗಣ ತುಂಬಿತ್ತು. ವಿದ್ಯಾರ್ಥಿಗಳು ಕಿಟಕಿಗಳಲ್ಲಿ ಕೂತಿದ್ದರು, ಹತ್ತಿ ಗಿರಣಿಯ ಕೆಲಸ ಮುಗಿಸಿದವರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳ ಪಕ್ಕದ ಒಂದು ಕುರ್ಚಿ ಖಾಲಿ ಇತ್ತು. ಅದರ ಮೇಲೆ ಜಂಬಯ್ಯ ತಮ್ಮ ಉತ್ತರೀಯ ಮಡಚಿಟ್ಟಿದ್ದರು. ಯಾರು ಬಂದು ಕೇಳಿದರೂ, "ಬರ್ತಾರೆ, ಇದ್ದಾರೆ," ಎನ್ನುತ್ತಿದ್ದರು. ಅವರು ಗುರುಶಾಂತಮ್ಮನ ಕೈಗೆ ಒಂದು ತಂತಿ ಕೊಟ್ಟರು. ನಸುಕಿನಲ್ಲಿ ಸಾಗರದಾಚೆ ದೊಡ್ಡ ಕಂಪನವಾಗಿದೆ, ವೇಧಶಾಲೆಯ ಎಲ್ಲ ಯಂತ್ರಗಳಲ್ಲೂ ಬಿದ್ದಿದೆ ಎಂದು ಅದರಲ್ಲಿತ್ತು. ಅವಳು ಅದನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿದಳು.

ವೇದಿಕೆ ಹಲಗೆಯದಾದ್ದರಿಂದ ಯಂತ್ರವನ್ನು ಕೆಳಗೆ, ಕಲ್ಲುನೆಲದ ಮೇಲೆ ಇಡಿಸಿ, ಅದರ ಪಕ್ಕದಲ್ಲೇ ನಿಂತಳು. ಬರೆದು ತಂದದ್ದನ್ನು ಬಿಚ್ಚಲಿಲ್ಲ.

"ಭೂಮಿಯ ಒಳಗೆ ಏನಿದೆ ಎಂದು ಯಾರೂ ಇಳಿದು ನೋಡಿಲ್ಲ," ಎಂದು ಶುರು ಮಾಡಿದಳು. "ನಾವು ಎಷ್ಟೇ ಅಗೆದರೂ ಅದು ಹಣ್ಣಿನ ಸಿಪ್ಪೆಗೆ ಉಗುರು ತಾಗಿಸಿದಷ್ಟೇ. ಹಾಗಾದರೆ ತಿಳಿಯುವುದು ಹೇಗೆ? ನಮ್ಮ ಕಡೆ ಜೋಳ ತುಂಬಿಡುವ ಹಗೇವು ನೀವೆಲ್ಲ ನೋಡಿದ್ದೀರಿ. ನೆಲದಡಿಯ ಆಳದ ಗುಂಡಿ, ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ನಾನು ಸಣ್ಣವಳಿದ್ದಾಗ ನಮ್ಮ ಮನೆಯ ಹಿರಿಯರೊಬ್ಬರು ಅದನ್ನು ತೆಗೆಯುವ ಮೊದಲು ಮೇಲೆ ನಿಂತು ಕಾಲಿಂದ ಗುದ್ದುತ್ತಿದ್ದರು. ಗುದ್ದಿ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ, ಅರ್ಧ ಐತೆ, ಅಥವಾ ಕಂಠಮಟ್ಟ ಐತೆ, ಅನ್ನುತ್ತಿದ್ದರು. ನಾವು ಮಾಡುವುದೂ ಅದನ್ನೇ. ಭೂಮಿಯನ್ನು ಗುದ್ದುವ ಶಕ್ತಿ ನಮಗಿಲ್ಲ. ಭೂಕಂಪ ಗುದ್ದುತ್ತದೆ. ನಾವು ಸುಮ್ಮನೆ ನಿಂತು ಕೇಳುತ್ತೇವೆ."

ಕಾರ್ಯದರ್ಶಿಗಳಿಗೆ ಜಂಬಯ್ಯ ಕಿವಿಯಲ್ಲಿ ತಿಳಿಸಿ ಹೇಳುತ್ತಿದ್ದರು. ಅವರು ಅಚ್ಚಾದ ಉಪನ್ಯಾಸವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

ಅಲೆಗಳು ಹೇಗೆ ಕೆಲವು ಪದರಗಳಲ್ಲಿ ಬೇಗ, ಕೆಲವು ಪದರಗಳಲ್ಲಿ ನಿಧಾನವಾಗಿ ಓಡುತ್ತವೆ, ತಿರುಳಿನ ಹೊರಭಾಗದಲ್ಲಿ ಒಂದು ಬಗೆಯ ಅಲೆ ಯಾಕೆ ಪೂರ್ತಿ ನಿಂತುಹೋಗುತ್ತದೆ, ಅದರಿಂದ ಅಲ್ಲಿರುವುದು ಕರಗಿದ ಲೋಹವೆಂದು ಹೇಗೆ ಊಹಿಸಿದರು ಎಂದೆಲ್ಲ ಅವಳು ಹೇಳಿದಳು. ಆಮೇಲೆ ಯಂತ್ರದ ಕೀಲಿ ಕೊಟ್ಟಳು. "ಈಗ ಸ್ವಲ್ಪ ಹೊತ್ತು ಯಾರೂ ಕಾಲು ಅಲುಗಿಸಬೇಡಿ. ಈ ನೆಲ ಸುಮ್ಮನಿದ್ದರೆ ಗೆರೆ ಹೇಗಿರುತ್ತದೆ ನೋಡೋಣ."

ಅಷ್ಟು ಜನವೂ ಸುಮ್ಮನಾದರು. ಕಿಟಕಿಯ ಹುಡುಗರು ಇಳಿಬಿಟ್ಟ ಕಾಲುಗಳನ್ನು ಎತ್ತಿಕೊಂಡರು. ಸೂಜಿ ಕಪ್ಪಿನ ಮೇಲೆ ನೂಲಿನಂಥ ಬಿಳಿ ಗೆರೆಯನ್ನು ನೆಟ್ಟಗೆ ಎಳೆಯುತ್ತ ಹೋಯಿತು.

ಆಮೇಲೆ ಅದು ಹಾರಿತು. ಒಂದು ದೊಡ್ಡ ಹಲ್ಲು, ಒಂದು ಸಣ್ಣ ಹಲ್ಲು. ಒಂದು ದೊಡ್ಡದು, ಒಂದು ಸಣ್ಣದು.

ಗುರುಶಾಂತಮ್ಮ ತಲೆ ಎತ್ತಲಿಲ್ಲ. ಹಲ್ಲುಗಳು ಬೆಳೆಯುತ್ತ ಬಂದವು. ತೀರ ಹತ್ತಿರ ಬಂದು ನಿಂತವು. ಕುರ್ಚಿ ಕಿರ್ ಎಂದಿತು. ಆಗ ನೋಡಿದಳು. ಜಂಬಯ್ಯ ಉತ್ತರೀಯ ಎತ್ತಿಕೊಂಡು ನಿಂತಿದ್ದರು. ಬಾಗಿಲಲ್ಲಿ ಮಕ್ತುಮ್ ಸಾಬ್ ಬೆವರೊರೆಸಿಕೊಳ್ಳುತ್ತಿದ್ದ. ಹರಿಹರದಿಂದ ಅಷ್ಟು ದೂರವೂ ಕುದುರೆಯನ್ನು ಓಡಿಸಿಕೊಂಡು ಬಂದಿದ್ದ. ಹಂಪವ್ವ ಕುರ್ಚಿಯ ತುದಿಯಲ್ಲಿ, ಹಿಂದೆ ಒರಗದೆ, ಸೆರಗು ತಲೆಗೆ ಎಳೆದುಕೊಂಡು ಕೂತಿದ್ದಳು. ಪಾದಗಳನ್ನು ಜೋಡಿಸಿ ನೆಲಕ್ಕೆ ಒತ್ತಿ ಹಿಡಿದಿದ್ದಳು, ಅಲುಗಬಾರದೆಂದು.

ಮಾತು ಮುಂದುವರಿಯಿತು. ಕೊನೆಯಲ್ಲಿ ಗುರುಶಾಂತಮ್ಮ ತಂತಿಯನ್ನು ಬಿಚ್ಚಿ ಓದಿದಳು. ನಸುಕಿನ ಆ ಅಲೆ ಹರಿಹರದ ಒಂದು ಮನೆಯ ನೆಲದಲ್ಲೂ ಬರೆದು ಹೋಯಿತು, ತಾನು ಅದನ್ನು ಕಣ್ಣಾರೆ ನೋಡಿದೆ ಎಂದಳು.

ಕಿಟಕಿಯಿಂದ ಒಬ್ಬ ವಿದ್ಯಾರ್ಥಿ ಕೇಳಿದ, "ಆ ಹಾಳೆ ತೋರಸ್ತೀರಾ ಮೇಡಂ?"

"ಅದು ಈಗಿಲ್ಲ. ಕೈತಪ್ಪಿ ಅಳಿಸಿ ಹೋಯಿತು."

"ಕೈತಪ್ಪಿ ಅಲ್ಲಪ್ಪ," ಎಂದಿತು ಮುಂದಿನ ಸಾಲಿನಿಂದ ಒಂದು ದನಿ. "ಒರೆಸಿದಾಕಿ ನಾನು. ಕಂದೀಲಿನ ಮಸಿ ಅಂದ್ಕಂಡೆ."

ಸಭೆ ನಕ್ಕಿತು. ಕಾರ್ಯದರ್ಶಿಗಳಿಗೆ ಜಂಬಯ್ಯ ಹೇಳಿದ ಮೇಲೆ ಅವರೂ, ಎಲ್ಲರೂ ನಿಲ್ಲಿಸಿದ ಮೇಲೆ, ನಕ್ಕರು. ಗುರುಶಾಂತಮ್ಮ ಮಸಿ ಹತ್ತಿದ ಬೆರಳುಗಳಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಮೂಗಿನ ಕೆಳಗೆ ಕಪ್ಪಾಯಿತು.

"ನಗಾದೇನೈತೆ," ಎಂದಳು ಹಂಪವ್ವ ಹುಡುಗನ ಕಡೆ ತಿರುಗಿ. "ಅಳಿಸಿದ್ದು ಮತ್ತೆ ಬರಲ್ಲ. ಕೂತು ಕಾಯ್ಬೇಕು ಅದನ್ನ. ಎದ್ದು ಹೋಗಂಗಿಲ್ಲ."

ಹುಡುಗ "ಹೂಂ ಅಮ್ಮಾ" ಎಂದು ತಲೆ ತಗ್ಗಿಸಿದ.

ಸಂಜೆ ಹರಿಹರದ ಹಿತ್ತಲಲ್ಲಿ ಗುರುಶಾಂತಮ್ಮ ಆ ಹಾಳೆಯನ್ನು ಉರುಳೆಯಿಂದ ಬಿಡಿಸಿ, ಅರಗಿನ ದ್ರಾವಣದಲ್ಲಿ ಅದ್ದಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ತೂಗುಹಾಕಿದಳು. ಯಲ್ಲಕ್ಕ ಕೋಳಿಗಳನ್ನು ಅತ್ತ ಓಡಿಸಿದಳು. ಅವಳ ಕಾಲ್ಗಡಗ ಕಾಲಿಗೆ ಮರಳಿ ಬಂದಿದ್ದವು. ಹಂಪವ್ವ ಕಂದೀಲು ಹಚ್ಚಿ ಹಾಳೆಯ ಹತ್ತಿರ ಹಿಡಿದಳು. ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಇದು ನಾನೇನು?"

"ಹೂಂ, ನೀನೇ."

"ಕುಂಟಿ ಹೋದಂಗೆ ಐತಲ್ಲೇ."

"ನೀನು ಹಂಗೇ ನಡೆಯಾದು."

ಹಂಪವ್ವ ಹಲ್ಲುಗಳ ಸಾಲನ್ನು ಬಾಗಿಲಿನಿಂದ ಕುರ್ಚಿಯವರೆಗೆ ಕಣ್ಣಿನಲ್ಲೇ ನಡೆದಳು. ಆಮೇಲೆ ಕಟ್ಟೆಯ ಮೇಲೆ ಕೂತು ಉಳಿದ ಕಂದೀಲುಗಳ ಗಾಜನ್ನು ಒಂದೊಂದಾಗಿ ಒರೆಸಿಟ್ಟಳು. ಎಲ್ಲ ಮುಗಿದ ಮೇಲೆ ಎದ್ದು, ಗೋಡೆಯನ್ನು ಹಿಡಿದುಕೊಂಡು, ನಡುಮನೆಯ ಆ ಮೂಲೆಯ ಮುಂದೆ ಹಾದು ಹೋಗುವಾಗ ಪಾದವನ್ನು ಎತ್ತಿ ಎತ್ತಿ ಮೆಲ್ಲಗೆ ಊರಿದಳು.

ಚಪ್ಪಡಿ ಬರಿದಾಗಿತ್ತು. ಯಂತ್ರವನ್ನು ಆಗಲೇ ಪೆಟ್ಟಿಗೆಗೆ ಹಾಕಿಯಾಗಿತ್ತು.